ಒಂಟಿಕೊಪ್ಪಲಿನ ಅರವಟ್ಟಿಗೆ

ಮೈಸೂರನ್ನು ಕುರಿತು ಬರೆಯುವವರು ಅರಮನೆಯಿಂದ ಆರಂಭಿಸಿ ಚಾಮುಂಡಿಬೆಟ್ಟದ ಮೇಲೆ ಮುಗಿಸುವುದು ವಾಡಿಕೆ. ಈ ಬಾರಿ ನಾವು ಆ ಎರಡನ್ನೂ ನೋಡದೆ ಹಿಂದಿರುಗಿದೆವೆಂದರೆ ವಾಚಕರು ನಮ್ಮನ್ನು ಅರಸಿಕರೆಂದು ಭಾವಿಸಬಾರದು. ಅರಮನೆಯ ದೀಪಗಳನ್ನು ನಾವು ಬಾಲ್ಯದಿಂದಲೂ ಬಲ್ಲೆವು. ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತಿ, ನಂದಿಯ ಸನ್ನಿಧಿಯಲ್ಲಿ ಕುಳಿತು ಬೆವರನ್ನು ಒರೆಸಿಕೊಂಡುದೂ ಉಂಟು. ಈ ಸಲ ನಾವು ಹೊರಟುದು ಕಣ್ಣಿಗೆ ಕಾಣದ ಒಂದು ವಸ್ತುವಿನ ಸಲುವಾಗಿ.

ಒಂಟಿಕೊಪ್ಪಲಿನಲ್ಲಿ ನಮ್ಮ ಸೋದರತ್ತೆಯವರು ಇರುವರು. ಮೂವತ್ತು ವರ್ಷಕಾಲ ಉಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ವಯಸ್ಸು ಎಂಬತ್ತನ್ನು ದಾಟಿದೆ. ಒಂದು ದಿನ ಬೆಳಗ್ಗೆ ಅವರು ನಮಗೆ ದೂರವಾಣಿಯಲ್ಲಿ, “ನನ್ನ ಮನೆಯ ಗಾಳಿಗೆ ಬೀಗ ಹಾಕಬೇಕಂತೆ ಕಣಪ್ಪ. ನಿಮ್ಮ ಭಾವ ಅಮೆರಿಕದಿಂದ ದಿನಾ ಹೇಳ್ತಿದಾನೆ. ನೀವಿಬ್ಬರೂ ಬಂದು ಒಂದು ಮಾತು ಹೇಳಿಹೋಗಿ” ಎಂದರು. ಅತ್ತೆಯವರು ಸಲಹೆ ಕೇಳುವುದು ಅಪರೂಪ. ನಾವು ದಂಪತಿಗಳು ಮರುದಿನವೇ ರೈಲು ಹತ್ತಿದೆವು.

ಬೆಂಗಳೂರಿನಿಂದ ಮೈಸೂರಿಗೆ ಸುಮಾರು 140 ಕಿಲೋಮೀಟರುಗಳ ಹಾದಿ. ಮದ್ದೂರಿನ ವಡೆಯ ವಾಸನೆ, ಮಂಡ್ಯದ ಕಬ್ಬಿನ ಹಸುರು, ಶ್ರೀರಂಗಪಟ್ಟಣದ ಬಳಿ ಕಾವೇರಿಯ ದರ್ಶನ, ಇವುಗಳನ್ನು ವಾಚಕರು ಬಲ್ಲರು. ಮೈಸೂರು ನಿಲ್ದಾಣದಲ್ಲಿ ಇಳಿದೊಡನೆ ನಮ್ಮ ಶ್ರೀಮತಿಯವರು ಕೈಫೋನನ್ನು ತೆರೆದು, “ಇಲ್ಲಿಯೂ ಧರ್ಮದ ವೈಫೈ ಇದೆಯಲ್ಲ!” ಎಂದರು. ಫೋನಿನ ಸಂಖ್ಯೆಯನ್ನು ಒತ್ತಿದರೆ ಒಂದು ಗುಪ್ತಾಂಕವು ಬರುವುದು. ಅದನ್ನು ತುಂಬಿದರೆ ದಿನಕ್ಕೆ ಮೊದಲಿನ ಅರ್ಧ ಗಂಟೆ ಉಚಿತ. ರೈಲ್ವೆಯವರು ಈ ಏರ್ಪಾಡನ್ನು 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ ನಿಲ್ದಾಣದಲ್ಲಿ ಆರಂಭಿಸಿ ಕ್ರಮೇಣ ದೇಶದ ಸಾವಿರಾರು ನಿಲ್ದಾಣಗಳಿಗೆ ವಿಸ್ತರಿಸಿದರು. ಹಮಾಲಿಯೊಬ್ಬನು ಗೋಡೆಗೊರಗಿ ಕುಳಿತು, ದೂರದೂರಿನಲ್ಲಿದ್ದ ತನ್ನ ಮಗುವಿನ ಮುಖವನ್ನು ಫೋನಿನಲ್ಲಿ ನೋಡಿ ನಗುತ್ತಿದ್ದನು. ಧರ್ಮಛತ್ರದಲ್ಲಿ ಒಂದು ಹೊತ್ತಿನ ಊಟ ಹೇಗೋ ಹಾಗೆ ಈ ಅರ್ಧ ಗಂಟೆ ಎಂದು ನಮಗೆ ತೋರಿತು.

ನಿಲ್ದಾಣದಿಂದ ಒಂಟಿಕೊಪ್ಪಲಿಗೆ ಆಟೋ ಹತ್ತಬಹುದಾಗಿತ್ತು. ಆದರೆ ಹೊತ್ತು ಇನ್ನೂ ತಂಪಾಗಿದ್ದುದರಿಂದ ನಡೆದೇ ಹೊರಟೆವು. ಕೃಷ್ಣರಾಜಸಾಗರದ ರಸ್ತೆಯನ್ನು ಹಿಡಿದು ಯಾದವಗಿರಿಯ ಏರನ್ನು ಸೇರಿದರೆ ಆಕಾಶವಾಣಿಯ ನಿಲಯವು ಸಿಕ್ಕುವುದು. ನಮ್ಮ ಪ್ರಯಾಣದ ನಿಜವಾದ ತೀರ್ಥಸ್ಥಳವು ಅದರ ಸಮೀಪದಲ್ಲಿಯೇ ಉಂಟು. ಆ ಕಥೆಯನ್ನು ಬಲ್ಲವರು ಮತ್ತೊಮ್ಮೆ ಕೇಳಿ. ಅರಿಯದವರು ಮಕ್ಕಳನ್ನೂ ಕರೆದು ಕೂರಿಸಿಕೊಳ್ಳಿ.

ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರಿಗೆ ‘ವಿಠ್ಠಲ ವಿಹಾರ’ವೆಂಬ ಮನೆಯು ಇತ್ತು. 1935ರ ಸೆಪ್ಟೆಂಬರ್ 10ರಂದು ಅವರು ಆ ಮನೆಯಿಂದಲೇ, ಕೇವಲ 30 ವ್ಯಾಟ್ ಶಕ್ತಿಯ ಒಂದು ಪ್ರಸಾರಯಂತ್ರದಿಂದ, ಊರಿಗೆ ಮಾತನ್ನೂ ಸಂಗೀತವನ್ನೂ ಹಂಚತೊಡಗಿದರು. ಮನೆಯ ಬಾಗಿಲು ಅವರದು, ಖರ್ಚು ಅವರದು. ಕೇಳುವವರು ಮಾತ್ರ ಯಾರಾದರೂ ಆಗಬಹುದಾಗಿತ್ತು. ಮುಂದೆ 250 ವ್ಯಾಟಿನ ಯಂತ್ರವನ್ನು ತರಿಸಿದರು. ಇದಕ್ಕೆ ‘ಆಕಾಶವಾಣಿ’ ಎಂಬ ಸುಂದರವಾದ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಹೇಳುವರು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಆ ನಿಲಯವನ್ನು ತಾನೇ ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಸ್ಥಳಾಂತರವಾಯಿತು. ಒಂದು ಮನೆಯ ಹೆಸರಾಗಿದ್ದುದು ಅದೇ ದಶಕದಲ್ಲಿ ಇಡೀ ಭಾರತದ ಪ್ರಸಾರಸಂಸ್ಥೆಯ ಹೆಸರಾಯಿತು. ಮೈಸೂರಿಗೆ ಮರಳಿ ತನ್ನದೇ ನಿಲಯವು ದೊರೆತುದು ಆಮೇಲಿನ ಮಾತು.

ನಾವು ನಿಲಯದ ಎದುರಿಗೆ ಒಂದು ಗಳಿಗೆ ನಿಂತೆವು. ಮನೆಯೊಳಗಿನ ತಂತಿಯಿಲ್ಲದ ಸೌಕರ್ಯವನ್ನು ಬೀದಿಗೆ ಹಂಚುವುದು ಮೈಸೂರಿಗೆ ಹೊಸದಲ್ಲ ಎಂಬುದು ಆಗ ಮನಸ್ಸಿಗೆ ಹೊಳೆಯಿತು. ಈ ಊರಿಗೆ ಅಂತಹ ಎರಡನೆಯ ಕೀರ್ತಿಯೂ ಉಂಟು. 2004ರಲ್ಲಿ ಒಂದು ಖಾಸಗಿ ಕಂಪನಿಯು ಇಲ್ಲಿ ಅಲ್ಲಲ್ಲಿ ವೈಫೈ ಕೇಂದ್ರಗಳನ್ನು ತೆರೆದಾಗ, ಭಾರತದ ಮೊದಲನೆಯ ವೈಫೈ ನಗರವೆಂಬ ಬಿರುದು ಮೈಸೂರಿಗೆ ಬಂದಿತು. ಆದರೆ ಬಿರುದು ಬಂದಷ್ಟು ಬೇಗ ಗಾಳಿಯು ಬೀದಿಬೀದಿಗೆ ಬರಲಿಲ್ಲ. ವರ್ಷಗಳು ಕಳೆದರೂ ಅದು ಊರಿನ ಕೆಲವು ಭಾಗಗಳಲ್ಲಿಯೇ ಉಳಿದಿತ್ತು. ಬೆಂಗಳೂರಿನಲ್ಲಿಯೂ 2014ರ ಜನವರಿಯಲ್ಲಿ ಮಹಾತ್ಮಾ ಗಾಂಧಿ ರಸ್ತೆ ಮೊದಲಾದ ಕಡೆಗಳಲ್ಲಿ ‘ನಮ್ಮ ವೈಫೈ’ ಎಂಬ ಉಚಿತ ಏರ್ಪಾಡು ನಡೆಯಿತು. ದೊಡ್ಡವರು ಊರಿಗೆಲ್ಲ ಹಂಚುವುದು ಒಂದು ಬಗೆ. ಒಬ್ಬ ಗೃಹಸ್ಥನು ತನ್ನ ಪಾಲಿನಲ್ಲಿ ನೆರೆಗೆ ಹಂಚುವುದು ಇನ್ನೊಂದು ಬಗೆ. ಅತ್ತೆಯವರದು ಎರಡನೆಯದು.

ಅತ್ತೆಯವರ ಮನೆ ಹಳೆಯ ಮಂಗಳೂರು ಹೆಂಚಿನದು. ಮುಂದೆ ಸಂಪಿಗೆಯ ಮರ. ಹಿಂದೆ ಅವರದೇ ನಿವೇಶನದಲ್ಲಿ ನಾಲ್ಕು ಮನೆಗಳ ಸಣ್ಣ ವಠಾರ. ಒಂದರಲ್ಲಿ ಆಟೋ ಓಡಿಸುವವರು, ಒಂದರಲ್ಲಿ ದರ್ಜಿ, ಒಂದರಲ್ಲಿ ದೇವಸ್ಥಾನದ ಪರಿಚಾರಕರು. ನಾಲ್ಕನೆಯದರಲ್ಲಿ ಮಲ್ಲಿಗೆಯ ಹಾರ ಕಟ್ಟಿ ಮಾರುವ ಒಬ್ಬ ಹೆಂಗಸು, ಆಕೆಯ ಮೂವರು ಮಕ್ಕಳು.

ಕಾಫಿಯಾದ ಬಳಿಕ ಅತ್ತೆಯವರು ವಿಷಯವನ್ನು ಬಿಡಿಸಿ ಹೇಳಿದರು. 2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿ, ಪಾಠಗಳೆಲ್ಲ ಫೋನಿನೊಳಗೆ ಹೊಕ್ಕ ಕಾಲವನ್ನು ಯಾವ ತಾಯಿಯೂ ಮರೆತಿರಲಾರಳು. ಹಾರ ಕಟ್ಟುವಾಕೆಯ ಮನೆಯಲ್ಲಿ ಮೂರು ಮಕ್ಕಳಿಗೆ ಒಂದೇ ಫೋನು. ಅದರ ದಿನದ ಪಾಲು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಅತ್ತೆಯವರ ಮನೆಯಲ್ಲಿ, ಅಮೆರಿಕದ ಮಗನು ಮುಖ ನೋಡಿ ಮಾತನಾಡಲೆಂದು ಹಾಕಿಸಿಕೊಟ್ಟಿದ್ದ ಇಂಟರ್ನೆಟ್ಟು ದಿನಕ್ಕೆ ಅರ್ಧ ಗಂಟೆಯ ಕೆಲಸ ಮಾಡಿ ಮಿಕ್ಕ ಹೊತ್ತು ಸುಮ್ಮನೆ ಮಿಣುಕುತ್ತಿತ್ತು. “ಬಾವಿಯಲ್ಲಿ ನೀರು ಇಟ್ಟುಕೊಂಡು ಹಗ್ಗ ಸುತ್ತಿಡೋದಕ್ಕೆ ನನಗೆ ಮನಸ್ಸು ಬರಲಿಲ್ಲ” ಎಂದು ಅತ್ತೆಯವರು ಹೇಳಿದರು. ಸಂಕೇತಪದವನ್ನು ಹಿತ್ತಲ ಗೋಡೆಯ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಬರೆದುಬಿಟ್ಟರು. ಉಪಾಧ್ಯಾಯಿನಿಯಲ್ಲವೆ!

ಎರಡು ವರ್ಷ ಎಲ್ಲವೂ ನೆಟ್ಟಗಿತ್ತು. ಗೋಡೆಯ ಮೇಲಿನ ಪದವು ವಠಾರದಿಂದ ಬೀದಿಗೆ, ಬೀದಿಯಿಂದ ಪಕ್ಕದ ಬೀದಿಗೆ ಹೋಯಿತು. ರಾತ್ರಿ ಹನ್ನೊಂದರ ವೇಳೆಗೆ ಅಪರಿಚಿತ ಹುಡುಗರು ಕಾಂಪೌಂಡಿನ ಹೊರಗೆ ಹೊಂಗೆಯ ಮರದ ಕೆಳಗೆ ಕುಳಿತು ಫೋನಿನ ಬೆಳಕಿನಲ್ಲಿ ಮುಖ ಬೆಳಗಿಸಿಕೊಳ್ಳತೊಡಗಿದರು. ನೆರೆಯವರೊಬ್ಬರು ಆಕ್ಷೇಪಿಸಿದರು. ಸುದ್ದಿಯು ಕಡಲಾಚೆಯ ಮಗನಿಗೂ ಮುಟ್ಟಿತು. “ಅಮ್ಮ, ಅವರು ಮಾಡಿದ್ದೆಲ್ಲ ನಿನ್ನ ಹೆಸರಿನಲ್ಲಿ ಆಗುತ್ತದೆ, ಇವತ್ತೇ ನಿಲ್ಲಿಸು” ಎಂದು ಅವನು ಹಟ ಹಿಡಿದನು. ನಾವು ಹೋದ ಹಿಂದಿನ ದಿನ ಅತ್ತೆಯವರು ಪೆಟ್ಟಿಗೆಯ ಗುಂಡಿಯನ್ನು ಆರಿಸಿ, ರಾತ್ರಿ ನಿದ್ದೆಯಿಲ್ಲದೆ ಕಳೆದಿದ್ದರು.

ಮಗನ ಮಾತು ಹುಸಿಯಲ್ಲವೆಂಬುದನ್ನು ನಾವು ಒಪ್ಪಬೇಕಾಯಿತು. ಮನೆಯೊಳಗಿಂದ ಎಷ್ಟು ಜನ ಇಂಟರ್ನೆಟ್ಟನ್ನು ಬಳಸಿದರೂ ಹೊರಜಗತ್ತಿಗೆ ಸಾಮಾನ್ಯವಾಗಿ ಕಾಣುವುದು ಒಂದೇ ವಿಳಾಸ, ಸಂಪರ್ಕವನ್ನು ಪಡೆದ ಯಜಮಾನರದು. ವಠಾರಕ್ಕೆಲ್ಲ ಒಂದೇ ಅಂಚೆಪೆಟ್ಟಿಗೆ ಇದ್ದಂತೆ. ಯಾರು ಕಾಗದ ಹಾಕಿದರೂ ವಿಚಾರಣೆಯು ಬರುವುದು ಪೆಟ್ಟಿಗೆಯ ಒಡೆಯನ ಬಾಗಿಲಿಗೆ. 2008ರ ಜುಲೈಯಲ್ಲಿ ಅಹಮದಾಬಾದಿನ ಬಾಂಬು ಸ್ಫೋಟಗಳ ಕಾಲಕ್ಕೆ ದುಷ್ಟರು ಕಳುಹಿಸಿದ ಮಿಂಚಂಚೆಯೊಂದು, ನವಿ ಮುಂಬಯಿಯಲ್ಲಿ ವಾಸವಾಗಿದ್ದ ಒಬ್ಬ ವಿದೇಶೀಯರ ಬೀಗವಿಲ್ಲದ ವೈಫೈಯ ಮೂಲಕ ಹೋಗಿತ್ತು. ಏನೂ ಅರಿಯದ ಆ ಗೃಹಸ್ಥರು ಪೊಲೀಸರ ವಿಚಾರಣೆಗೆ ಒಳಗಾಗಬೇಕಾಯಿತು. ಅನಂತರ 2009ರ ಫೆಬ್ರವರಿಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು, ವೈಫೈಗಳನ್ನು ಭದ್ರಪಡಿಸಬೇಕೆಂದೂ ಬಳಸುವವರು ಯಾರೆಂಬುದು ತಿಳಿದಿರಬೇಕೆಂದೂ ಸಂಪರ್ಕ ಒದಗಿಸುವ ಕಂಪನಿಗಳಿಗೆ ಸೂಚನೆಗಳನ್ನು ಹೊರಡಿಸಿತು. ರೈಲ್ವೆ ನಿಲ್ದಾಣದಲ್ಲಿ ನಮ್ಮನ್ನು ಗುಪ್ತಾಂಕ ಕೇಳಿದುದೂ ಇಂತಹ ಎಚ್ಚರಿಕೆಯಿಂದಲೇ.

ಅನ್ಯದೇಶಗಳಲ್ಲಿಯೂ ಈ ಇಕ್ಕಟ್ಟು ಉಂಟು. ಜರ್ಮನಿಯಲ್ಲಿ ‘ಫ್ರೈಫುಂಕ್’ ಎಂಬ ಸ್ವಯಂಸೇವಕರ ಚಳವಳಿಯು 2000ದ ದಶಕದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಮೊಳೆಯಿತು. ಒಬ್ಬೊಬ್ಬರು ತಮ್ಮ ಮನೆಯಲ್ಲಿ ಒಂದು ಪೆಟ್ಟಿಗೆಯನ್ನು ಇಟ್ಟು, ಅದು ನೆರೆಮನೆಯ ಪೆಟ್ಟಿಗೆಯೊಡನೆ ಕೈಹಿಡಿಯುವಂತೆ ಮಾಡಿ, ಹಾರದಲ್ಲಿ ಹೂ ಕೋದಂತೆ ಬೀದಿಗಳಿಗೆ ಉಚಿತ ಜಾಲವನ್ನು ಹೆಣೆದರು. ಆದರೆ 2010ರಲ್ಲಿ ಆ ದೇಶದ ಉಚ್ಚ ನ್ಯಾಯಪೀಠವು, ವೈಫೈಗೆ ಬೀಗ ಹಾಕದ ಗೃಹಸ್ಥನು ಪರರ ತಪ್ಪಿಗೂ ಒಂದು ಮಟ್ಟಿಗೆ ಉತ್ತರ ಹೇಳಬೇಕಾದೀತೆಂದು ತೀರ್ಪಿತ್ತಿತು. ಏಳು ವರ್ಷ ವಾದವಿವಾದಗಳು ನಡೆದು 2017ರಲ್ಲಿ ಶಾಸನವನ್ನು ತಿದ್ದಿ ಆ ಭಾರವನ್ನು ಬಹುಮಟ್ಟಿಗೆ ಇಳಿಸಿದರು. ಸ್ಪೇನಿನ ಕ್ಯಾಟಲೋನಿಯಾದಲ್ಲಿ 2004ರಿಂದ ಹಳ್ಳಿಗರೇ ಕಟ್ಟಿಕೊಂಡ ‘ಗೀಫಿ’ ಎಂಬ ಜಾಲವು ಇರುವುದು. ನಮ್ಮಲ್ಲಿಯೂ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಆಸುಪಾಸಿನಲ್ಲಿ ‘ಜನಸ್ತು’ ಸಂಸ್ಥೆಯವರು ಹಳ್ಳಿಗರ ಸ್ವಂತ ವೈಫೈ ಜಾಲವನ್ನು ಕಟ್ಟುವ ಪ್ರಯತ್ನವನ್ನು ಮಾಡಿರುವರು.

ಇಷ್ಟು ಮಾತು ನಡೆಯುವಷ್ಟರಲ್ಲಿ ಸಂಜೆಯಾಯಿತು. ಸಂಪಿಗೆಯ ನೆರಳು ಜಗಲಿಯವರೆಗೆ ಬಂದಿತ್ತು. ಆಗ ಹಿತ್ತಲ ಬಾಗಿಲ ಬಳಿ ಯಾರೋ ನಿಂತಂತಾಯಿತು. ಹಾರ ಕಟ್ಟುವಾಕೆಯ ಹಿರಿಯ ಮಗಳು. ಪದವಿ ತರಗತಿಯ ಮೊದಲನೆಯ ವರ್ಷದವಳು. ಕೈಯಲ್ಲಿ ಕಾಗದದ ಕಡತ. ಒಳಗೆ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

“ಏನಮ್ಮ?” ಎಂದರು ಅತ್ತೆಯವರು.

“ಏನೂ ಇಲ್ಲ, ಟೀಚರಮ್ಮ. ವಿದ್ಯಾರ್ಥಿವೇತನದ ಅರ್ಜಿ... ಇವತ್ತೇ ಕಡೇ ದಿನ. ಅಮ್ಮನ ಫೋನಿನಲ್ಲಿ ಇವತ್ತಿನದು ಮುಗಿದುಹೋಗಿದೆ. ಪೇಟೆಯ ಅಂಗಡಿಗೆ ಹೋಗಿದ್ದೆ, ಅಲ್ಲಿ ಇನ್ನೂ ಮೂವತ್ತು ಜನ ನಿಂತಿದ್ದಾರೆ. ನೀವು ನಿಲ್ಲಿಸಿಬಿಟ್ಟಿದ್ದೀರಿ ಅಂತ ಗೊತ್ತು. ಕೇಳಬಾರದು ಅಂತಲೇ ಇದ್ದೆ.”

ಅತ್ತೆಯವರು ನಮ್ಮ ಮುಖವನ್ನು ನೋಡಲಿಲ್ಲ. ಎದ್ದು ಹೋಗಿ ಗುಂಡಿಯನ್ನು ಒತ್ತಿದರು. ಪೆಟ್ಟಿಗೆಯ ದೀಪಗಳು ಒಂದೊಂದಾಗಿ ಕಣ್ಣು ತೆರೆದವು. ಹುಡುಗಿಯನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿ, ನಮ್ಮ ಶ್ರೀಮತಿಯವರು ಪಕ್ಕದಲ್ಲಿ ಕುಳಿತು ಕಾಗದಗಳನ್ನು ಒಂದೊಂದಾಗಿ ತೆಗೆದುಕೊಟ್ಟರು. ಆದಾಯದ ಪತ್ರ, ಜಾತಿಯ ಪತ್ರ, ಅಂಕಪಟ್ಟಿ. ಏಳು ಗಂಟೆ ನಲವತ್ತು ನಿಮಿಷಕ್ಕೆ ಅರ್ಜಿಯು ಸೇರಿತೆಂಬ ಸಂದೇಶವು ಬಂದಿತು. ಹುಡುಗಿಯು ಅದನ್ನು ಎರಡು ಸಲ ಓದಿ, ಎದ್ದು ಅತ್ತೆಯವರ ಕಾಲಿಗೆ ನಮಸ್ಕರಿಸಿ ಹೋದಳು. ಹೋಗುವಾಗ ಕಡತದೊಳಗಿಂದ ಒಂದು ಮೊಳ ಮಲ್ಲಿಗೆಯನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ತಾಯಿ ಕೊಟ್ಟು ಕಳುಹಿಸಿದ್ದಿರಬೇಕು.

ಆ ರಾತ್ರಿ ಊಟವಾದ ಮೇಲೆ ನಾವು ಮೂವರೂ ಹೊಸದಾಗಿ ಆಲೋಚನೆಗೆ ಕುಳಿತೆವು. ಬೀಗ ಹಾಕಬೇಕೆ, ಬೇಡವೆ ಎಂಬ ಪ್ರಶ್ನೆಯೇ ಸರಿಯಲ್ಲವೆಂದು ನಮಗೆ ತೋರಿತು. ಬೇಸಗೆಯಲ್ಲಿ ಅರವಟ್ಟಿಗೆ ಇಡುವವರು ಬಾವಿಯ ಬಾಗಿಲನ್ನೇ ತೆರೆದುಬಿಡುವುದಿಲ್ಲ. ಬಂದವರಿಗೆ ಕೊಡದಿಂದ ಬಗ್ಗಿಸಿ ಕೊಡುವರು. ಒಬ್ಬರು ಅಲ್ಲಿ ಕುಳಿತಿರುವರು, ಹೊತ್ತು ಗೊತ್ತುಂಟು. ಅದೇ ನ್ಯಾಯವು ಇದಕ್ಕೂ ಸಲ್ಲುವುದು.

ಈ ಪೆಟ್ಟಿಗೆಯ ಸ್ವಭಾವವನ್ನು ಎರಡು ಮಾತಿನಲ್ಲಿ ತಿಳಿಸುವೆವು. ವೈಫೈಯ ಒಂದು ಬಗೆಯ ಅಲೆಯು ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವುದು. ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್, ಅಂದರೆ ಅರ್ಧ ಗೇಣಿಗಿಂತ ತುಸು ಹೆಚ್ಚು. ಇದನ್ನು ಪರವಾನಗಿಯಿಲ್ಲದೆ ಮನೆಯ ಹೊರಗೂ ಬಳಸಲು ಸರ್ಕಾರವು 2005ರ ಜನವರಿಯಲ್ಲಿ ಅವಕಾಶವಿತ್ತಿತು. ಮನೆಯ ಪೆಟ್ಟಿಗೆಯ ಪ್ರಸಾರಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟಿನ ಹತ್ತನೆಯ ಪಾಲಿನಷ್ಟು. ಗೋಪಾಲಸ್ವಾಮಿಯವರ 30 ವ್ಯಾಟಿನ ಯಂತ್ರದ ಮುಂದೆ ಇದು ಮುನ್ನೂರರಲ್ಲಿ ಒಂದು ಪಾಲು. ದಪ್ಪ ಗೋಡೆಯೂ ಎಲೆ ತುಂಬಿದ ಹಸಿ ಮರವೂ ಇದನ್ನು ಕುಗ್ಗಿಸುವುವು. ಆದುದರಿಂದ ಪೆಟ್ಟಿಗೆಯನ್ನು ಬೀದಿಯ ಕಿಟಕಿಯಿಂದ ತೆಗೆದು ಹಿತ್ತಲ ಕೋಣೆಯಲ್ಲಿಟ್ಟರೆ, ಗಾಳಿಯು ಹೊಂಗೆಯ ಮರವನ್ನು ಬಿಟ್ಟು ವಠಾರದ ಕಡೆಗೆ ತಾನಾಗಿ ತಿರುಗುವುದು.

ಮರುದಿನ ಬೆಳಗ್ಗೆ ಆ ಕೆಲಸವನ್ನು ಮುಗಿಸಿದೆವು. ಆಮೇಲೆ ಪೆಟ್ಟಿಗೆಯೊಳಗೆ ಅತಿಥಿಗಳಿಗೆಂದು ಬೇರೆಯದೇ ಒಂದು ಜಾಲವನ್ನು ತೆರೆದೆವು. ಈಚಿನ ಬಹುಪಾಲು ಪೆಟ್ಟಿಗೆಗಳಲ್ಲಿ ಈ ಅನುಕೂಲವುಂಟು. ಅದರಿಂದ ಬಂದವರಿಗೆ ಇಂಟರ್ನೆಟ್ಟು ಸಿಕ್ಕುವುದೇ ಹೊರತು ಅತ್ತೆಯವರ ಫೋನಾಗಲಿ ಕಂಪ್ಯೂಟರಾಗಲಿ ಕೈಗೆ ಸಿಕ್ಕದು. ವೇಗಕ್ಕೆ ಮಿತಿ, ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಮಾತ್ರ ಹೊತ್ತು, ಹೊಸ ಸಂಕೇತಪದ. ಗೋಡೆಯ ಸೀಮೆಸುಣ್ಣವನ್ನು ಅತ್ತೆಯವರು ತಾವೇ ಒದ್ದೆಬಟ್ಟೆಯಿಂದ ಒರೆಸಿದರು. ಅದರ ಬದಲು ಇನ್ನೂರು ಪುಟದ ಒಂದು ನೋಟುಪುಸ್ತಕವನ್ನು ಕೊಂಡು, ಹಾಜರಿ ಪುಸ್ತಕದಂತೆ ಗೆರೆ ಹಾಕಿ, ವಠಾರದವರ ಹೆಸರುಗಳನ್ನು ಬರೆದರು. ಹೆಸರು ಬರೆಸಿದವರಿಗೆ ಮಾತ್ರ ಪದ. ಅತಿಥಿಜಾಲಕ್ಕೆ ಏನು ಹೆಸರಿಡೋಣವೆಂದು ಕೇಳಿದಾಗ, “ಅರವಟ್ಟಿಗೆ” ಎಂದರು.

ಒಂದು ತೊಡಕು ಉಳಿದಿತ್ತು. ಮನೆಯ ಸಂಪರ್ಕವನ್ನು ಪರರಿಗೆ ಹಂಚಬಾರದೆಂಬ ನಿಬಂಧನೆಯು ಕಂಪನಿಗಳ ಕರಾರುಪತ್ರಗಳಲ್ಲಿ ಇರುವುದುಂಟು. ಅತ್ತೆಯವರು ಕನ್ನಡಕ ಹಾಕಿಕೊಂಡು ತಮ್ಮ ಪತ್ರವನ್ನು ಮೊದಲಿನಿಂದ ಕಡೆಯವರೆಗೆ ಓದಿ, ಸಂಪರ್ಕ ಕೊಟ್ಟವರಿಗೆ ಅಚ್ಚಗನ್ನಡದಲ್ಲಿ ಒಂದು ಕಾಗದ ಬರೆದರು: ತಮ್ಮದೇ ನಿವೇಶನದ ನಾಲ್ಕು ಮನೆಗಳಿಗೆ ಹಣ ಪಡೆಯದೆ ಹಂಚಲು ಅನುಮತಿ ಬೇಕೆಂದು. ಅದು ಸಾಗದಿದ್ದರೆ ಇನ್ನೊಂದು ರಾಜಮಾರ್ಗವುಂಟು. 2020ರ ಡಿಸೆಂಬರ್ 9ರಂದು ಕೇಂದ್ರ ಮಂತ್ರಿಮಂಡಲವು ಒಪ್ಪಿದ ‘ಪಿಎಂ-ವಾಣಿ’ ಯೋಜನೆಯ ಪ್ರಕಾರ, ಚಹದಂಗಡಿಯವನಾಗಲಿ ಕಿರಾಣಿಯವನಾಗಲಿ ಪರವಾನಗಿಯ ಗೊಡವೆಯಿಲ್ಲದೆ ಸಾರ್ವಜನಿಕ ವೈಫೈಯ ಸಣ್ಣ ಕೇಂದ್ರವನ್ನು ತೆರೆಯಬಹುದು. ಬಳಸುವವರ ಗುರುತನ್ನು ನೋಡಿಕೊಳ್ಳುವ ಹೊಣೆಯನ್ನು ನೋಂದಾಯಿತ ಮಧ್ಯವರ್ತಿಗಳೂ ಅವರ ತಂತ್ರಾಂಶವೂ ಹೊರುವುವು. ಇಂತಹ ಕೇಂದ್ರಗಳಿಗೆ 200 ಮೆಗಾಬಿಟ್ ವರೆಗಿನ ಸಂಪರ್ಕವನ್ನು ಕೊಡುವಾಗ, ಮನೆಯವರಿಗೆ ಹಾಕುವ ದರದ ಎರಡರಷ್ಟನ್ನು ಮೀರಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2025ರ ಜೂನ್ ತಿಂಗಳಲ್ಲಿ ಕಟ್ಟುಮಾಡಿತು. ಆಕಾಶವಾಣಿಯ ಊರಿನಲ್ಲಿ ಮತ್ತೊಂದು ‘ವಾಣಿ’ ಎಂದು ನಾವು ನಕ್ಕೆವು. ಅತ್ತೆಯವರು ಮಾತ್ರ ಆ ಹೆಸರನ್ನು ನೋಟುಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡರು.

ಹೊರಡುವ ಮುನ್ನ ಅಮೆರಿಕದ ಮಗನು ಫೋನಿನಲ್ಲಿ ಕಾಣಿಸಿಕೊಂಡನು. ಅತ್ತೆಯವರು ಪುಸ್ತಕವನ್ನು ಕ್ಯಾಮೆರಾದ ಮುಂದೆ ಹಿಡಿದು ಒಂದೊಂದು ಗೆರೆಯನ್ನೂ ತೋರಿಸಿದರು. ಅವನು ಬಹಳ ಹೊತ್ತು ನೋಡಿ, “ಇಷ್ಟಾದರೂ ಅಪಾಯ ಪೂರ್ತಿ ಹೋಗಿಲ್ಲ ಅಮ್ಮ” ಎಂದನು.

“ಹೋಗಿಲ್ಲಪ್ಪ, ನನಗೂ ಗೊತ್ತು” ಎಂದರು ಅತ್ತೆಯವರು. “ನೀನು ಓದೋ ಕಾಲದಲ್ಲಿ ನಮ್ಮ ಮನೇಲಿ ದೀಪ ಇಲ್ಲದಾಗ ಎದುರುಮನೆಯವರು ತಮ್ಮ ಜಗಲಿ ದೀಪ ಹತ್ತು ಗಂಟೇವರೆಗೂ ಆರಿಸ್ತಿರಲಿಲ್ಲ. ಅವರು ಲೆಕ್ಕ ಹಾಕಿದ್ದಿದ್ದರೆ ನೀನು ಅಲ್ಲಿ ಕೂತಿರುತ್ತಿದ್ದೆಯಾ?”

ಮಗನು ಉತ್ತರ ಕೊಡಲಿಲ್ಲ. ಸ್ವಲ್ಪ ತಡೆದು, ಸಂಕೇತಪದವನ್ನು ತಿಂಗಳಿಗೊಮ್ಮೆ ಬದಲಾಯಿಸಬೇಕೆಂದು ಮಾತ್ರ ಹೇಳಿದನು. ಅದನ್ನೂ ಅವರು ಬರೆದುಕೊಂಡರು.

ನಾವು ಬೆಂಗಳೂರಿಗೆ ಹಿಂದಿರುಗಿ ಒಂದು ತಿಂಗಳಾಯಿತು. ಕಂಪನಿಯವರ ಉತ್ತರವು ಇನ್ನೂ ಬಂದಿಲ್ಲವೆಂದು ಅತ್ತೆಯವರು ತಿಳಿಸಿರುವರು. ನೆನಪಿನ ಕಾಗದವೊಂದು ಹೋಗಿದೆ. ಹೊಂಗೆಯ ಮರದ ಹುಡುಗರಲ್ಲಿ ಇಬ್ಬರು ಒಂದು ಸಂಜೆ ಬಾಗಿಲಿಗೆ ಬಂದು ಹೆಸರು ಬರೆಸಿಕೊಳ್ಳಿರೆಂದು ಕೇಳಿದರಂತೆ. ಯಾರ ಮಕ್ಕಳು, ಏನು ಓದುತ್ತೀರಿ ಎಂದು ವಿಚಾರಿಸಿ, ಕಂಪನಿಯ ಉತ್ತರ ಬರುವವರೆಗೆ ವಠಾರದ ಹೊರಗಿನವರಿಗೆ ಇಲ್ಲವೆಂದು ಹೇಳಿ, ಎರಡು ಲೋಟ ಮಜ್ಜಿಗೆ ಕೊಟ್ಟು ಕಳುಹಿಸಿದರಂತೆ. ಹೆಸರುಗಳನ್ನು ಮಾತ್ರ ಕೊನೆಯ ಪುಟದಲ್ಲಿ, ವಾಣಿಯ ಕೆಳಗೆ ಬರೆದಿಟ್ಟುಕೊಂಡಿರುವರು.